ಬಾರ್ ದಾರಿ ಎಲ್ಲರಿಗೂ ಗೊತ್ತು, ಚಿಕಿತ್ಸೆಯ ದಾರಿ?

ಮಾಗಡಿ ಬಸ್ ನಿಲ್ದಾಣದಲ್ಲಿ ನಿಂತು 'ಇಲ್ಲಿ ಹತ್ತಿರದಲ್ಲಿ ಬಾರ್ ಎಲ್ಲಿದೆ?' ಎಂದು ಯಾರನ್ನಾದರೂ ಕೇಳಿ. ಮೂರು ದಿಕ್ಕಿಗೆ ಕೈ ತೋರಿಸುತ್ತಾರೆ. 'ಕುಡಿತ ಬಿಡಿಸೋ ಡಾಕ್ಟರ್ ಎಲ್ಲಿ ಸಿಗ್ತಾರೆ?' ಎಂದು ಕೇಳಿ. ಒಬ್ಬರು ನಗುತ್ತಾರೆ, ಇನ್ನೊಬ್ಬರು ದೇವಸ್ಥಾನದ ಹೆಸರು ಹೇಳುತ್ತಾರೆ, ಮತ್ತೊಬ್ಬರು 'ಯಾರಿಗಮ್ಮ, ನಿಮ್ಮ ಯಜಮಾನ್ರಿಗಾ?' ಅನ್ನುತ್ತಾರೆ. ನನಗೆ ಮದುವೆಯೇ ಆಗಿಲ್ಲ. ಕೇಳಿದ್ದು ನನ್ನ ಅಣ್ಣನಿಗಾಗಿ.

ಅಣ್ಣ ಐಟಿಐ ಮುಗಿಸಿ ಬಿಡದಿ ಕಡೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ಸೇರಿದವನು. ರಾತ್ರಿ ಪಾಳಿ ಮುಗಿಸಿ ಬಂದರೆ ನಿದ್ದೆ ಬರುವುದಿಲ್ಲ ಎಂದು ಒಂದು ಕ್ವಾರ್ಟರ್. ಆಮೇಲೆ ಗುತ್ತಿಗೆ ಮುಗಿಯಿತು, ಕ್ವಾರ್ಟರ್ ಮುಗಿಯಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಕೈ ನಡುಗುತ್ತಿತ್ತು, ಅದನ್ನು ನಿಲ್ಲಿಸಲಿಕ್ಕೂ ಅದೇ ಬೇಕಾಗುತ್ತಿತ್ತು. ಮನೆಯಲ್ಲಿ ನಾವು ಅದಕ್ಕೆ ಇಟ್ಟ ಹೆಸರು 'ಸೋಮಾರಿತನ'.

ನಮ್ಮ ಕಡೆ ಕುಡಿತ ಹೊಸದೇನಲ್ಲ. ಮದುವೆಯ ನಂತರದ ಬೀಗರೂಟಕ್ಕೆ ಬಾಡು ಎಷ್ಟು ಮುಖ್ಯವೋ ತೋಟದ ಮೂಲೆಯ 'ವ್ಯವಸ್ಥೆ'ಯೂ ಅಷ್ಟೇ ಮುಖ್ಯ. ಚುನಾವಣೆ ಬಂದರೆ ಕೇಳುವುದೇ ಬೇಡ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ರಾಮನಗರ ಕ್ಷೇತ್ರದ ಶಾಸಕರಾಗಿದ್ದ ಎಚ್.ಡಿ. ಕುಮಾರಸ್ವಾಮಿ. ಆ ವರ್ಷವೇ ರಾಮನಗರ ಜಿಲ್ಲೆಯೂ ಹುಟ್ಟಿತು (ಈಗ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ, ನಾಲಿಗೆಗೆ ಇನ್ನೂ ಹತ್ತಿಲ್ಲ). ಸಾರಾಯಿ ಪ್ಯಾಕೆಟ್ ಹೋದ ಜಾಗಕ್ಕೆ ಬ್ರಾಂದಿಯ ಟೆಟ್ರಾ ಪ್ಯಾಕ್ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಅವರ ಸಿಟ್ಟು ನನ್ನ ಸಿಟ್ಟೂ ಹೌದು. ಆದರೆ ನಿಷೇಧ ಬೇಕೋ ಬೇಡವೋ ಎಂಬ ಚರ್ಚೆ ಮುಗಿಯುವವರೆಗೆ ನನ್ನ ಅಣ್ಣ ಕಾಯುವ ಸ್ಥಿತಿಯಲ್ಲಿರಲಿಲ್ಲ.

ನಾವು ಮಾಡಿದ ಮೊದಲ ತಪ್ಪು ಗೋಡೆ ಬರಹ ನಂಬಿದ್ದು. 'ಕುಡಿತ ಬಿಡಿಸಲಾಗುವುದು, ಕುಡಿಯುವವರಿಗೆ ತಿಳಿಯದಂತೆ' ಎಂದು ಒಂದು ಮೊಬೈಲ್ ನಂಬರು. ಅಮ್ಮ ಪುಡಿ ತರಿಸಿ ಸಾರಿಗೆ ಬೆರೆಸಿದಳು. ಆ ಪುಡಿಯಲ್ಲಿ ಏನಿತ್ತೋ ದೇವರೇ ಬಲ್ಲ. ಇಂಥ ಗುಟ್ಟಿನ ಔಷಧ ಯಾಕೆ ಅಪಾಯ ಎಂದು ಆಮೇಲೆ ತಿಳಿಯಿತು. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಮದ್ಯ ನಮ್ಮ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ಕರಗಿ ಹೋಗುತ್ತದೆ. ಈ ಮಾತ್ರೆ ಆ ಎರಡನೆಯ ಹಂತವನ್ನು ತಡೆಯುತ್ತದೆ. ಮಾತ್ರೆ ತಿಂದವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ರೋಗಿಗೆ ಎಲ್ಲ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರ ಕಣ್ಣಳತೆಯಲ್ಲಿ ಕೊಟ್ಟರೆ ಅದು ಔಷಧ. ಗೊತ್ತಾಗದಂತೆ ಸಾರಿಗೆ ಹಾಕಿದರೆ ಪ್ರಾಣವೇ ಹೋಗಬಹುದು. ಅಮ್ಮನನ್ನು ನಾನು ಬೈಯಲಾರೆ. ಅವಳಿಗೆ ಯಾರೂ ಬೇರೆ ದಾರಿ ತೋರಿಸಿರಲಿಲ್ಲ.

ಎರಡನೆಯದು, ನಗರದ ಅಂಚಿನ ಒಂದು ಖಾಸಗಿ ಕೇಂದ್ರ. ರೇಷ್ಮೆ ಗೂಡು ಮಾರಿದ ದುಡ್ಡೆಲ್ಲ ಅಲ್ಲಿಗೆ ಹೋಯಿತು. ಅವನನ್ನು ಕಾರಿನಲ್ಲಿ ಎತ್ತಿಕೊಂಡು ಹೋದರು, ಫೋನ್ ಕಿತ್ತುಕೊಂಡರು, ನಮ್ಮನ್ನು ಒಳಗೆ ಬಿಡಲಿಲ್ಲ. ಹೊರಗೆ ಬಂದ ವಾರದೊಳಗೆ ಮತ್ತೆ ಶುರು. 'ನೀವೇ ನನ್ನ ಮಾರ್ಬುಟ್ರಿ ಕಣಮ್ಮಿ' ಅಂದ. ಆ ಮಾತು ಈಗಲೂ ಚುಚ್ಚುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ನಾನು ಓದಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ, ಒಂದು ಅಂಕದ ಪ್ರಶ್ನೆಯಾಗಿ. ನಮ್ಮ ಮನೆಗೆ ಅನ್ವಯಿಸಿಕೊಂಡು ಓದಿದ್ದರೆ! ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಯೂ ಆ ಕಾಯ್ದೆಯ ವ್ಯಾಪ್ತಿಯಲ್ಲಿ ಬರುತ್ತದೆ. ಇಂಥ ಕೇಂದ್ರಗಳು ನೋಂದಣಿ ಮಾಡಿಸಿರಬೇಕು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಮನೆಯವರನ್ನು ಕಾಣುವ, ಫೋನಿನಲ್ಲಿ ಮಾತಾಡುವ ಹಕ್ಕು ಅವನಿಗಿದೆ. ಅವನ ವಿವರ ಗೋಪ್ಯವಾಗಿರಬೇಕು. ಯಾವ ಕೇಂದ್ರಕ್ಕೆ ಹೋದರೂ ಮೊದಲು ನೋಂದಣಿ ಪ್ರಮಾಣಪತ್ರ ತೋರಿಸಿ ಅನ್ನಿ. ಮನೋವೈದ್ಯರು ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ಅದನ್ನು ಆ ಹೊತ್ತಿನಲ್ಲಿ ಎಲ್ಲರೂ ಹೊಗಳಿದ್ದರು. ಒಂದು ಶುಕ್ರವಾರ ಅಣ್ಣ ತಾನಾಗಿಯೇ ಕಬ್ಬಾಳಮ್ಮನ ಮುಂದೆ ಆಣೆ ಮಾಡಿ ಕುಡಿತ ನಿಲ್ಲಿಸಿದ. ಅಮ್ಮ ಪಾಯಸ ಮಾಡಿದಳು. ಶನಿವಾರ ಸಂಜೆಗೆ ಮೈಯೆಲ್ಲ ಬೆವರು, ಲೋಟ ಹಿಡಿಯಲಾರದಷ್ಟು ನಡುಕ. ಭಾನುವಾರ ಬೆಳಗಿನ ಜಾವ ಫಿಟ್ಸ್ ಬಂದು ನಡುಮನೆಯಲ್ಲಿ ಬಿದ್ದ. ಪಕ್ಕದ ಮನೆಯವರು ಕೈಗೆ ಬೀಗದ ಕೀ ಕೊಟ್ಟರು. ಸೋಮವಾರ ರಾತ್ರಿ ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆ ತುಂಬ ಇರುವೆ ಹರೀತಾವೆ ಎಂದು ಕೂಗಾಡಿದ. ದೊಡ್ಡಪ್ಪ ಯಂತ್ರ ಕಟ್ಟಿಸಲು ಹೊರಟಿದ್ದರು. ಕರ್ತವ್ಯದಲ್ಲಿದ್ದ ವೈದ್ಯೆ ಹೇಳಿದ್ದು ಒಂದೇ ಮಾತು: 'ಇದು ಕುಡಿದಿದ್ದಕ್ಕೆ ಬಂದದ್ದಲ್ಲ, ಒಮ್ಮೆಲೇ ಬಿಟ್ಟಿದ್ದಕ್ಕೆ ಬಂದದ್ದು.'

ಈ ವಿಷಯ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ವರ್ಷಗಟ್ಟಲೆ ದಿನವೂ ಕುಡಿದವರ ಮಿದುಳು ಮದ್ಯದ ಮಂಕಿಗೆ ಹೊಂದಿಕೊಂಡು ತನ್ನನ್ನು ಹೆಚ್ಚು ಚುರುಕಾಗಿ ಇಟ್ಟುಕೊಂಡಿರುತ್ತದೆ. ಒಮ್ಮೆಲೇ ಮದ್ಯ ನಿಂತರೆ ಆ ಚುರುಕು ಕಡಿವಾಣವಿಲ್ಲದೆ ಓಡುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ, ಗಾಬರಿ, ಜ್ವರ ಕಾಣಿಸಬಹುದು. ಸಕಾಲಕ್ಕೆ ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸುತ್ತದೆ. ಆಸ್ಪತ್ರೆಯಲ್ಲಾದರೆ ಕೆಲವು ದಿನ ಮಾತ್ರೆ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ, ಥಯಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿ ಮುಚ್ಚಿದ್ದಾಗ ಆಸ್ಪತ್ರೆಗಳಿಗೆ ಇಂಥವರು ಬಂದಿದ್ದರು. ಅಂಗಡಿ ತೆರೆದ ದಿನದ ಉದ್ದನೆಯ ಸಾಲು ನೋಡಿ ನಾವೆಲ್ಲ ಮೀಮ್ ಹಂಚಿಕೊಂಡೆವು. ನಾನೂ ಹಂಚಿಕೊಂಡಿದ್ದೆ.

ಮನಸ್ಸಿದ್ದರೆ ಮಾರ್ಗ ಎಂದು ನಮ್ಮ ಊರಲ್ಲಿ ಎಲ್ಲರೂ ಹೇಳುತ್ತಾರೆ. ಅಣ್ಣನಿಗೆ ಮನಸ್ಸಿತ್ತು. ಮಾರ್ಗ ಇರಲಿಲ್ಲ. ಇದ್ದದ್ದು ನಮಗೆ ಗೊತ್ತಿರಲಿಲ್ಲ.

ಆ ವೈದ್ಯೆ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು, ಆಮೇಲೆ ನಾನೇ ಹುಡುಕಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. 14416 ಎಂಬ ಟೆಲಿ ಮನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ವ್ಯಸನದ ವಿಷಯಕ್ಕೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಇದ್ಯಾವುದೂ ಅಲ್ಲ, ನೇರ 108. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಯಾವ ಕೋಣೆಯಲ್ಲಿದೆ ಎಂದು ಕೇಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ 'ಮನೋಚೈತನ್ಯ' ಕಾರ್ಯಕ್ರಮ 2014ರಿಂದ ಇದೆ. ನಿಮ್ಮ ತಾಲ್ಲೂಕಿನ ಮಂಗಳವಾರ ಯಾವುದು ಎಂದು ಮೊದಲೇ ವಿಚಾರಿಸಿ. ಕನಕಪುರ, ಹಾರೋಹಳ್ಳಿ ಕಡೆಯವರಿಗೆ ಹಾರೋಹಳ್ಳಿ ಬಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ.

ಇನ್ನು ನಿಮ್ಹಾನ್ಸ್. ಹೊಸೂರು ರಸ್ತೆಯ ಆ ಆವರಣದಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಪ್ರತ್ಯೇಕ ಕೇಂದ್ರವಿದೆ. ದೇಶದ ಮೂಲೆ ಮೂಲೆಯಿಂದ ಅಲ್ಲಿಗೆ ಜನ ಬರುತ್ತಾರೆ. ನಾವು ಐವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿದ್ದುಕೊಂಡು 'ಅದು ಹುಚ್ಚರ ಆಸ್ಪತ್ರೆ' ಎಂದು ಹೆದರುತ್ತೇವೆ. ಬಿಪಿಎಲ್ ಕಾರ್ಡ್ ಇದ್ದರೆ ಮರೆಯದೆ ಒಯ್ಯಿರಿ. ರಾಮನಗರ, ಚನ್ನಪಟ್ಟಣದವರಿಗೆ ರೈಲು ಉಂಟು. ಮಾಗಡಿ, ಕನಕಪುರಕ್ಕೆ ರೈಲಿಲ್ಲ, ಬಸ್ಸೇ ಗತಿ. ತಾವರೆಕೆರೆ ದಾಟಿ ಮಾರ್ಕೆಟ್ ಮುಟ್ಟಿ, ಇನ್ನೊಂದು ಬಸ್ ಹಿಡಿದು, ಸಾಲಿನಲ್ಲಿ ನಿಂತರೆ ಒಂದು ಇಡೀ ದಿನ. ದಿನಗೂಲಿಯವರಿಗೆ ಒಂದು ದಿನ ಎಂದರೆ ಒಂದು ದಿನದ ಅನ್ನ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ ಎಂದು ನನಗನ್ನಿಸುತ್ತದೆ.

ಚಿಕಿತ್ಸೆ ಎಂದರೆ ಉಪದೇಶ ಎಂದು ನಾನು ತಿಳಿದಿದ್ದೆ. ಆಪ್ತ ಸಮಾಲೋಚಕರು ಅಣ್ಣನನ್ನು ಕೇಳಿದ ಮೊದಲ ಪ್ರಶ್ನೆ, 'ಕುಡಿದರೆ ನಿನಗೆ ಏನು ಒಳ್ಳೆಯದಾಗುತ್ತೆ?' ಅವನು ತಬ್ಬಿಬ್ಬಾದ. ಅಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನಿದ್ದೆ ಬರುತ್ತೆ, ಕೆಲಸ ಇಲ್ಲ ಅನ್ನೋದು ಮರೆಯುತ್ತೆ ಅಂದ. ಅಲ್ಲಿಂದ ಮಾತು ಶುರುವಾಯಿತು. ಯಾವ ಹೊತ್ತಿಗೆ, ಯಾರ ಜೊತೆ, ಯಾವ ದಾರಿಯಲ್ಲಿ ಹೋದಾಗ ಆಸೆ ಹುಟ್ಟುತ್ತದೆ ಎಂದು ಬರೆದಿಡುವುದು. ಆಸೆ ಅಲೆಯ ಹಾಗೆ ಏರಿ ಇಳಿಯುತ್ತದೆ, ಇಳಿಯುವವರೆಗೆ ಕಾಯಲು ಏನು ಮಾಡುತ್ತೀಯ ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದು. ಜೊತೆಗೆ ಆಸೆ ತಗ್ಗಿಸುವ ಮಾತ್ರೆ. ನಮ್ಮನ್ನೂ ಕೂರಿಸಿ ಮಾತಾಡಿದರು. ರಾತ್ರಿ ಕುಡಿದು ಬಂದವನ ಜೊತೆ ಜಗಳ ಬೇಡ, ಬೆಳಿಗ್ಗೆ ಮಾತಾಡಿ, ಅವನ ಸಾಲ ನೀವು ತೀರಿಸಬೇಡಿ ಎಂದು ಅಮ್ಮನಿಗೆ ಹೇಳಿದರು. ಎರಡನೆಯದನ್ನು ಅಮ್ಮ ಇವತ್ತಿಗೂ ಪಾಲಿಸುವುದಿಲ್ಲ.

ಹಾಗೆಂದು ಶಿಬಿರಗಳು ಬೇಡ ಎಂದು ನಾನು ಹೇಳುತ್ತಿಲ್ಲ. ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ ನಮ್ಮ ಮಾವ ಇಂದಿಗೂ ಮುಟ್ಟಿಲ್ಲ. ಶಿಬಿರದ ನಂತರದ ನವಜೀವನ ಸಮಿತಿಯ ಸಭೆಗಳೇ ಕೈ ಹಿಡಿದವು ಅನ್ನುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಹುಟ್ಟುಹಾಕಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಇದೇ ದಾರಿಯದು, ಬೆಂಗಳೂರಿನಲ್ಲಿ ಅದರ ಸಭೆಗಳು ನಡೆಯುತ್ತವೆ. ನನ್ನ ತಕರಾರು ಇಷ್ಟೇ: ಬೆಳಿಗ್ಗೆ ಕೈ ನಡುಗುವವರು, ಹಿಂದೆ ಫಿಟ್ಸ್ ಬಂದವರು ಮೊದಲು ವೈದ್ಯರನ್ನು ಕಾಣಲಿ. ಆಮೇಲೆ ಶಿಬಿರವೋ ಸಭೆಯೋ ದೇವರೋ, ಯಾವುದು ಹಿಡಿಸುತ್ತದೋ ಅದು.

ಇದನ್ನು ಈ ಪುಟಕ್ಕೇ ಬರೆಯಲು ಕಾರಣವಿದೆ. 'ನಮ್ಮದು ವೀಕೆಂಡ್ ಮಾತ್ರ' ಅನ್ನುವ ಸಹಪಾಠಿಗಳು ನನಗಿದ್ದಾರೆ. ಫಲಿತಾಂಶ ಮುಂದೂಡಿದರೆ ಎಣ್ಣೆ, ನೇಮಕಾತಿಗೆ ತಡೆಯಾಜ್ಞೆ ಬಂದರೆ ಎಣ್ಣೆ. ವೈದ್ಯರು ಬಳಸುವ ನಾಲ್ಕು ಸರಳ ಪ್ರಶ್ನೆಗಳಿವೆ. ಕಡಿಮೆ ಮಾಡಬೇಕು ಅನ್ನಿಸಿದೆಯೇ? ನಿನ್ನ ಕುಡಿತದ ಬಗ್ಗೆ ಯಾರಾದರೂ ಆಡಿದರೆ ರೇಗುತ್ತದೆಯೇ? ಕುಡಿದಿದ್ದಕ್ಕೆ ಪಶ್ಚಾತ್ತಾಪ ಆಗಿದೆಯೇ? ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸಿದೆಯೇ? ಎರಡಕ್ಕೆ ಹೌದಾದರೆ ವೈದ್ಯರ ಬಳಿ ಮಾತಾಡುವ ಹೊತ್ತು. ಅಣ್ಣನಿಗೆ ನಾಲ್ಕೂ ಹೌದು. ಮೊದಲ ಎರಡಕ್ಕೆ ಹೌದು ಅನ್ನುತ್ತಿದ್ದ ವರ್ಷವೇ ಯಾರಾದರೂ ಕೇಳಿದ್ದರೆ ನಮ್ಮ ಗೂಡಿನ ದುಡ್ಡೂ ಅವನ ಮೂರು ವರ್ಷವೂ ಉಳಿಯುತ್ತಿತ್ತು.

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರಿಗೆ ಬೈಗುಳ ಸಿಕ್ಕಿರುತ್ತದೆ. ತಾಲ್ಲೂಕಿಗೆ ಎಂದೋ ಒಂದು ಮಂಗಳವಾರ ಸಾಲದು. ಅಬಕಾರಿಯಿಂದ ಇಷ್ಟೊಂದು ಆದಾಯ ಪಡೆಯುವ ಸರ್ಕಾರ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ದಿನವೂ ಸಿಗುವ ಒಬ್ಬ ಆಪ್ತ ಸಮಾಲೋಚಕರನ್ನು ಕೊಡಬೇಕು, ವಾಪಸಾತಿ ಭೇಟಿಗೆ ಬಸ್ ಪಾಸ್ ಕೊಡಬೇಕು. ಪ್ರತಿ ಬಾರ್‌ನ ಗಲ್ಲಾಪೆಟ್ಟಿಗೆ ಮೇಲೆ, ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ 14416 ಎಂದು ದೊಡ್ಡದಾಗಿ ಬರೆಸಲಿ. ಗೋಡೆ ಬರಹ ಬರೆಯಲು ಪುಡಿ ಮಾರುವವರಿಗೆ ಮಾತ್ರ ಬಣ್ಣ ಸಿಗಬೇಕೇ?

ಅಣ್ಣ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಹೋದ ತಿಂಗಳು ಒಂದು ಬೀಗರೂಟದಲ್ಲಿ ಜಾರಿದ. ಮನೆಗೆ ಬಂದು ಜಗಲಿ ಮೇಲೆ ಕೂತವನನ್ನು ಕಂಡು ಅಮ್ಮ ಬಾಯಿ ತೆರೆದಳು, ನಾನು ಕೈ ಹಿಡಿದು ತಡೆದೆ. ರಾತ್ರಿ ಊಟಕ್ಕೆ ಕರೆದಾಗಲೂ ಮಾತಿಲ್ಲ. ಬೆಳಗಿನ ಜಾವ ನನ್ನನ್ನು ಎಬ್ಬಿಸಿ ಕೇಳಿದ, 'ಫಸ್ಟ್ ಬಸ್ಸು ಎಷ್ಟೊತ್ಗಮ್ಮಿ?' ಹಳೇ ಚೀಟಿ, ಫೈಲು ಎರಡನ್ನೂ ಆಗಲೇ ಕವರಿಗೆ ಹಾಕಿ ಇಟ್ಟುಕೊಂಡಿದ್ದ.