ಬೆಂಕಿ ಆರಿಸುವ ಬಂಡಿಗೆ ಯಾವ ಬಾವುಟ?

“ಅಮೆರಿಕದಲ್ಲಿ ಅಗ್ನಿಶಾಮಕದವರೇ ಬಂಡಿಗೆ ತಮ್ಮ ನಾಡಿನ ಬಾವುಟ ಕಟ್ಟಿ ಮೆರೆಸಿದ್ದಾರಂತೆ. ನಮ್ಮ ಸಂಘದ ಆಂಬುಲೆನ್ಸಿಗೆ ಹಳದಿ-ಕೆಂಪು ಕಟ್ಟೋಕೆ ನಾವ್ಯಾಕೆ ಹೆದರಬೇಕು?” ಮೊನ್ನೆ ಗೆಳೆಯರೊಬ್ಬರು ಹೀಗೆಂದಾಗ ತಲೆಯಾಡಿಸಿದವರೇ ಹೆಚ್ಚು. ನಾನು ಒಪ್ಪುವುದಿಲ್ಲ.

ಅವರು ಹೇಳಿದ್ದು ಮಿನ್ನೆಸೋಟದ ಕಥೆ. 2015ರ ಜುಲೈ 3ರಂದು ಆಲ್ಬರ್ಟ್ ಲೀ ಊರಿನ ಮೆರವಣಿಗೆಯಲ್ಲಿ, ಹಾರ್ಟ್‌ಲ್ಯಾಂಡ್ ಎಂಬ ಸಣ್ಣ ಊರಿನ ಸ್ವಯಂಸೇವಕ ಅಗ್ನಿಶಾಮಕನೊಬ್ಬ ದಳದ ಬಂಡಿಯ ಮೇಲೆ ಕಾನ್ಫೆಡರೇಟ್ ಬಾವುಟ ಹಾರಿಸಿದ. ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟ ಒಡೆದು ಹೋದ ದಕ್ಷಿಣದ ರಾಜ್ಯಗಳ ಬಾವುಟ ಅದು. ಹದಿನಾರು ದಿನದ ಹಿಂದಷ್ಟೇ ಚಾರ್ಲ್ಸ್‌ಟನ್ನಿನ ಚರ್ಚಿನಲ್ಲಿ ಒಂಬತ್ತು ಮಂದಿ ಕಪ್ಪು ಜನರನ್ನು ಕೊಂದವನು ಅದನ್ನೇ ಹಿಡಿದು ಫೋಟೊ ತೆಗೆಸಿಕೊಂಡಿದ್ದ.

ನಾಡಪ್ರೇಮವಂತೆ! ಯಾವ ನಾಡು? ಮಿನ್ನೆಸೋಟ ಉತ್ತರದ ರಾಜ್ಯ. 1863ರ ಅದೇ ಜುಲೈ 3ರಂದು ಗೆಟಿಸ್‌ಬರ್ಗ್ ಯುದ್ಧದಲ್ಲಿ ಮಿನ್ನೆಸೋಟದ ಸೈನಿಕನೊಬ್ಬ ವರ್ಜೀನಿಯಾದ ಪಡೆಯಿಂದ ಇಂಥದೇ ಬಾವುಟ ಕಿತ್ತುಕೊಂಡಿದ್ದ. ವರ್ಜೀನಿಯಾ ಹಲವು ಸಲ ಕೇಳಿದರೂ ಮಿನ್ನೆಸೋಟ ಇವತ್ತಿಗೂ ಅದನ್ನು ಹಿಂದಿರುಗಿಸಿಲ್ಲ. ಅಜ್ಜಂದಿರು ಪ್ರಾಣ ಪಣಕ್ಕಿಟ್ಟು ಕಿತ್ತುಕೊಂಡದ್ದನ್ನು ಈ ಪುಣ್ಯಾತ್ಮ ತಾನೇ ಬಂಡಿಗೆ ಕಟ್ಟಿದ! ದಳ ಅವನನ್ನು ಅಮಾನತು ಮಾಡಿತು, ಸರಿಯಾಗೇ ಮಾಡಿತು.

ನಮ್ಮ ಬಾವುಟಕ್ಕೆ ಅಂಥ ಕಳಂಕವಿಲ್ಲ, ಒಪ್ಪಿದೆ. ಮ. ರಾಮಮೂರ್ತಿಯವರು ಕೊಟ್ಟ ಆ ಅರಿಶಿನ-ಕುಂಕುಮ ಕಂಡರೆ, ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ, ನನ್ನ ಗಂಟಲು ಕಟ್ಟುತ್ತದೆ. ನವೆಂಬರ್ 1ಕ್ಕೆ ಸಂಘದ ಮಾಳಿಗೆ ಮೇಲೆ ಧಾರಾಳವಾಗಿ ಹಾರಲಿ, ಕಟ್ಟಲು ನಾನೇ ಏಣಿ ಹತ್ತುತ್ತೇನೆ. ಆದರೆ ಆಂಬುಲೆನ್ಸಿಗೆ ಬೇಡ.

2022ರ ಡಿಸೆಂಬರ್ ನೆನಪಿದೆಯೇ? ಬೆಳಗಾವಿಯ ಗಡಿ ಜಗಳ ಕಾವೇರಿ, ಪುಣೆಯಲ್ಲಿ ನಮ್ಮ ಕಡೆಯ ಬಸ್ಸುಗಳಿಗೆ ಮಸಿ ಬಿದ್ದ ದಿನಗಳು. ಆಗಲೇ ಒಂದು ರಾತ್ರಿ ನಮ್ಮ ಬಿಲ್ಡಿಂಗಿನ ಮೀಟರ್ ಬಾಕ್ಸಿಗೆ ಬೆಂಕಿ ಹತ್ತಿತು. ನಾಲ್ಕನೇ ಮಹಡಿಯಿಂದ ಅಮ್ಮನನ್ನು ಹೊತ್ತು ಇಳಿಸಿದ ಹುಡುಗ “ಆಜಿ, ಘಾಬರೂ ನಕಾ” ಎನ್ನುತ್ತಲೇ ಇದ್ದ. ಮರಾಠಿ ಬಾರದ ಅಮ್ಮ “ನನ್ನ ಕನ್ನಡಕ ಒಳಗೇ ಉಳೀತಲ್ಲಪ್ಪಾ” ಎಂದು ಕನ್ನಡದಲ್ಲೇ ಅಳುತ್ತಿದ್ದಳು. ಯಾವ ಊರಿನವರೆಂದು ಅವನು ಕೇಳಲಿಲ್ಲ. ಅವನ ಬಂಡಿಗೆ ಯಾವುದಾದರೂ ಸಂಘಟನೆಯ ಬಾವುಟ ಕಟ್ಟಿದ್ದರೆ, ಆ ವಾರ, ಅಮ್ಮ ಬಾಗಿಲ ಚಿಲಕ ತೆಗೆಯುತ್ತಿದ್ದಳೇ? ನಮ್ಮ ಆಂಬುಲೆನ್ಸಿಗೆ ಕಾಯುವ ಮರಾಠಿ ಅಜ್ಜಿಯೂ ಹಾಗೇ ಹಿಂಜರಿಯಬೇಕೇ?

ಭಾನುವಾರದ ಸಭೆಯಲ್ಲಿ ನಾನು ಕೈ ಎತ್ತುವುದು ವಿರುದ್ಧವಾಗಿ. ಒಬ್ಬನೇ ಆದರೂ ಸರಿ.