ಮೆದುಳಿನ ರಕ್ತಸ್ರಾವ: ಶಸ್ತ್ರಕ್ರಿಯೆ ಎಂದು?

ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಶೇಂಗಾ ಮೂಟೆ ಹೊರುವವರಿಗಾಗಲಿ, ಮೊಳಕಾಲ್ಮೂರಿನಲ್ಲಿ ಮಗ್ಗದ ಮುಂದೆ ಕುಳಿತ ನೇಕಾರರಿಗಾಗಲಿ ತಲೆನೋವು ಹೊಸದಲ್ಲ. ಆದರೆ ಸಿಡಿಲಿನಂತೆ ಒಂದೇ ಕ್ಷಣದಲ್ಲಿ ಎರಗುವ ನೋವು, ಜೊತೆಗೆ ವಾಂತಿ, ಕತ್ತಿನ ಬಿಗಿತ, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು, ಇದರ ಬಗೆಯೇ ಬೇರೆ. ‘ಪಿತ್ತ ನೆತ್ತಿಗೇರಿದೆ’ ಎಂದು ನಿಂಬೆ ಪಾನಕ ಕುಡಿಸಿ ಮಲಗಿಸುವ ನಮ್ಮ ಮನೆಗಳ ರೂಢಿ ಇಲ್ಲಿ ಪ್ರಾಣಕ್ಕೆ ಸಂಚಕಾರ ತರುತ್ತದೆ. ಮೆದುಳಿನ ಬುಡದ ಅಪಧಮನಿಯ ಗೋಡೆ ದುರ್ಬಲಗೊಂಡು ಗುಳ್ಳೆಯಂತೆ ಉಬ್ಬಿರುತ್ತದೆ. ವೈದ್ಯರು ಅದನ್ನು ಅನ್ಯೂರಿಸಂ ಎನ್ನುತ್ತಾರೆ. ಅದು ಒಡೆದಾಗಿನ ನೋವು ಇಂಥದ್ದು.

ಒಡೆದ ಉಬ್ಬನ್ನು ಎಂದು ಮುಚ್ಚಬೇಕು? 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಅನ್ಯೂರಿಸಂನ ಕುತ್ತಿಗೆಗೆ ಮೊದಲ ಬಾರಿಗೆ ಲೋಹದ ಕ್ಲಿಪ್ ಹಾಕಿದ ಬಳಿಕವೂ, ಕೆಲವು ದಿನ ಕಾಯುವುದೇ ಲೇಸೆಂದು ಬಹುಕಾಲ ಅನೇಕ ಶಸ್ತ್ರವೈದ್ಯರು ನಂಬಿದ್ದರು. ಊದಿಕೊಂಡ ಮೆದುಳಿಗೆ ಕೈಹಾಕುವುದು ಕಷ್ಟವೆಂಬುದು ನಿಜ. ಆದರೆ ಕಾಯುವಾಗ ಉಬ್ಬು ಮತ್ತೆ ಒಡೆಯಬಹುದು. ಆ ಅಪಾಯ ಮೊದಲ 24 ಗಂಟೆಗಳಲ್ಲಿಯೇ ಅತಿ ಹೆಚ್ಚು. ಇನ್ನೊಂದು ಕಡೆ, ಸೋರಿದ ರಕ್ತ ಕರಗುತ್ತ ಹೋದಂತೆ ಸುತ್ತಲಿನ ಅಪಧಮನಿಗಳು ಸಂಕೋಚಗೊಳ್ಳುತ್ತವೆ. ನಾಲ್ಕನೆಯ ದಿನದ ಸುಮಾರಿಗೆ ಮೊದಲಾಗುವ ಈ ಸಂಕೋಚನ 7ರಿಂದ 10ನೆಯ ದಿನದವರೆಗೆ ತೀವ್ರವಾಗಿದ್ದು, ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ. 1980ರ ದಶಕದಲ್ಲಿ 3,521 ರೋಗಿಗಳನ್ನು ಗಮನಿಸಿದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸರಿಯಾಗಿ ಆ ನಡುವಿನ ದಿನಗಳಲ್ಲಿ ನಡೆದ ಶಸ್ತ್ರಕ್ರಿಯೆಯ ಫಲವೇ ಕೆಟ್ಟದಾಗಿತ್ತು. ಇಂದು ಸಾಧ್ಯವಾದರೆ 24 ಗಂಟೆಗಳೊಳಗೇ ಉಬ್ಬನ್ನು ಮುಚ್ಚಬೇಕೆಂಬುದು ವೈದ್ಯಲೋಕದ ಮತ.

ಅವಸರಕ್ಕೆ ಮತ್ತೊಂದು ಕಾರಣವಿದೆ. ಸಂಕೋಚನದಿಂದ ಮೆದುಳಿಗೆ ರಕ್ತ ಸಾಲದೇ ಹೋದಾಗ ವೈದ್ಯರು ರಕ್ತದೊತ್ತಡವನ್ನು ಏರಿಸಬೇಕಾಗುತ್ತದೆ. ಉಬ್ಬು ಮುಚ್ಚಿರದಿದ್ದರೆ ಅದು ಬಿರುಕು ಬಿಟ್ಟ ಕೆರೆಯ ಏರಿಗೆ ಇನ್ನಷ್ಟು ನೀರು ಹರಿಸಿದಂತೆ. ನಿಮೋಡಿಪಿನ್ ಮಾತ್ರೆಯನ್ನು 21 ದಿನ ಕೊಡುವುದೂ ಮೆದುಳಿನ ಹಾನಿ ತಗ್ಗಿಸಲೆಂದೇ, ನಡುವೆ ನಿಲ್ಲಿಸಬಾರದು.

ನಮ್ಮ ಸೀಮೆಯ ಕಷ್ಟ ದೂರದ್ದು. ಚಳ್ಳಕೆರೆಯಿಂದ ಬೆಂಗಳೂರಿನ ನಿಮ್ಹಾನ್ಸ್ ಸುಮಾರು 200 ಕಿಲೋಮೀಟರ್. ಮೊಳಕಾಲ್ಮೂರಿನಿಂದ ಇನ್ನೂ ಹೆಚ್ಚು. ಆದ್ದರಿಂದ ಮೊದಲು ಚಿತ್ರದುರ್ಗ ಅಥವಾ ಬಳ್ಳಾರಿಯಲ್ಲಿ ಸಿ.ಟಿ. ಸ್ಕ್ಯಾನ್ ಆಗಲಿ. ರಕ್ತ ಕಂಡರೆ ಅಂದೇ ಮುಂದಕ್ಕೆ ಕಳುಹಿಸಬೇಕು. ನಾಲ್ಕು ದಿನ ನೋಡೋಣವೆಂಬ ಮಾತನ್ನು ನಾವು ಒಪ್ಪಲಾರೆವು. ನೋವು ಶುರುವಾದ ದಿನ, ಗಂಟೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಬಿ.ಪಿ.ಎಲ್. ಕಾರ್ಡು, ಆಧಾರ್ ಮರೆಯದಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಅವು ಬೇಕು. ಅಮಾವಾಸ್ಯೆ ಕಳೆಯಲೆಂದು ಕಾಯುವವರೂ ಇದ್ದಾರೆ. ಬಸವಾದಿ ಶರಣರ ಹೆಸರು ಹೇಳುವ ಮನೆಗಳಲ್ಲಿಯೂ ಇದು ನಡೆಯುವುದನ್ನು ಕಂಡು ನಮಗೆ ಸಂಕಟವಾಗುತ್ತದೆ.

ತಡವಾಗಿ, ಏಳನೆಯ ದಿನ ತಲುಪಿದರೆ? ಆಗಲೂ ಹಿಂದಿರುಗಬೇಡಿ. ಇಂದು ತಲೆಬುರುಡೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ತಂತಿಸುರುಳಿ ಸೇರಿಸಿ ಉಬ್ಬನ್ನು ಮುಚ್ಚಬಹುದು. ಸಂಕೋಚಗೊಂಡ ನಾಳವನ್ನು ಸಡಿಲಿಸುವ ಔಷಧವನ್ನೂ ಅದೇ ಹಾದಿಯಲ್ಲಿ ಕೊಡಬಹುದು. ಯಾವುದು ತಕ್ಕುದೆಂಬುದನ್ನು ತಜ್ಞರೇ ನಿರ್ಧರಿಸಲಿ. ನಾಲ್ಕನೆಯ ದಿನ ರೋಗಿ ಎದ್ದು ಕುಳಿತು ಮುದ್ದೆ ಕೇಳಿದನೆಂದು ಸಂತೋಷದಿಂದ ಮನೆಗೆ ಕರೆತರುವವರಿಗೂ ನಮ್ಮ ವಿನಂತಿ ಇಷ್ಟೇ: ಸಂಕೋಚನದ ದಿನಗಳು ಆಗಷ್ಟೇ ಶುರುವಾಗಿರುತ್ತವೆ, ವೈದ್ಯರು ಹೇಳುವವರೆಗೆ ಅಲ್ಲಿಯೇ ಇರಿ.