ವಾರಾನ್ನ ಹೋಯಿತು, ವಾರ ಉಳಿಯಲಿ

ವಾರಾನ್ನವೆಂದರೇನೆಂದು ನಮ್ಮ ಹಿರಿಯ ವಾಚಕರಿಗೆ ಹೇಳಬೇಕಾದ್ದಿಲ್ಲ. ಕಿರಿಯರಿಗಾಗಿ ಎರಡು ಮಾತು. ಹಳ್ಳಿಯಿಂದ ಪೇಟೆಗೆ ಓದಲು ಬಂದ ಬಡ ಹುಡುಗನು ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ, ಹೀಗೆ ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಂಡು, ಉಂಡು ಓದುತ್ತಿದ್ದನು. ಆ ಮನೆಯವರೆಲ್ಲ ಶ್ರೀಮಂತರೇನಲ್ಲ. ಎಷ್ಟೋ ಕಡೆ ಸಾರು ನೀರಾಗಿರುತ್ತಿತ್ತು. ಆದರೂ ಬುಧವಾರದ ಮನೆಯಲ್ಲಿ ಬುಧವಾರ ಎಲೆ ತಪ್ಪುತ್ತಿರಲಿಲ್ಲ. ಆ ನಂಬಿಕೆಯೇ ಹುಡುಗನ ಬಲ.

ಜಾತಿ ನೋಡಿ ಎಲೆ ಹಾಕುತ್ತಿದ್ದ ಆ ಪದ್ಧತಿ ಹೋಯಿತೆಂದು ನಮಗೆ ವ್ಯಥೆಯಿಲ್ಲ. ಅನ್ನದೊಡನೆ ವಾರವೂ ಹೋಯಿತಲ್ಲ, ಅದಕ್ಕೆ ವ್ಯಥೆ.

ನಾವಿರುವ ಈ ಮುಂಬಯಿಯಲ್ಲಿ, ನೆರೆಯ ಪುಣೆಯಲ್ಲಿ, ಏಳುವ ಕಟ್ಟಡಗಳ ಬುಡದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಕೂಲಿಕಾರರ ಬಿಡಾರಗಳಿವೆ. ಮಕ್ಕಳಿಗೆ ಸರಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಸಿಗುತ್ತದೆ. ಸಿಗದಿರುವುದು ಬೇರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಎಷ್ಟೋ ಶಾಲೆಗಳಲ್ಲಿ ಮರಾಠಿ, ಈ ಮೂರರ ನಡುವೆ ತಡವರಿಸುವ ಮಗುವನ್ನು ಕೂರಿಸಿಕೊಂಡು, “ಈ ವಾರ ಏನು ಕಲಿತೆಯಪ್ಪಾ?” ಎಂದು ಕೇಳುವ ಹಿರಿಯರಿಲ್ಲ. ತಾಯಿತಂದೆಗಳು ಕಲ್ಲುಮಣ್ಣು ಹೊತ್ತು ದಣಿದು ಬಂದವರು.

ಇಂಥ ಮಗುವಿಗೆ ಹೊರಗಿನವರೊಬ್ಬರು ಅಣ್ಣನೋ ಅಕ್ಕನೋ ಆಗಬಹುದೆಂಬ ಆಲೋಚನೆಯನ್ನು ಒಂದು ವ್ಯವಸ್ಥೆಯಾಗಿ ಕಟ್ಟಿದವರಲ್ಲಿ ಒಬ್ಬರು ನಮ್ಮಂತೆಯೇ ಗುಮಾಸ್ತರು! ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಕೆಲಸಕ್ಕಿದ್ದ ಅರ್ನೆಸ್ಟ್ ಕೂಲ್ಟರ್ ಎಂಬವರು, ಕಟಕಟೆಗೆ ಬರುವ ಹುಡುಗರನ್ನು ದಿನವೂ ಕಂಡು ಮನನೊಂದು, 1904ರಲ್ಲಿ ಒಂದು ಸಭೆಯಲ್ಲಿ ಎದ್ದುನಿಂತು, ಒಬ್ಬೊಬ್ಬರು ಒಬ್ಬೊಬ್ಬ ಹುಡುಗನಿಗೆ ಸ್ನೇಹಿತರಾಗಿರೆಂದು ಬೇಡಿದರು. ಸುಮಾರು 40 ಮಂದಿ ಒಪ್ಪಿದರು. ‘ದೊಡ್ಡಣ್ಣ’ಗಳ ಆ ಚಳವಳಿ ಇಂದಿಗೂ ನಡೆದಿದೆ.

ಇದರಿಂದ ಪ್ರಯೋಜನವೇನೆಂದು ಲೆಕ್ಕ ಕೇಳುವವರುಂಟು, ಕೇಳತಕ್ಕದ್ದೇ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 10ರಿಂದ 16 ವಯಸ್ಸಿನ 959 ಮಕ್ಕಳ ಲೆಕ್ಕವಿದೆ. ಒಂದು ಪಾಲಿಗೆ ಅಣ್ಣ, ಅಕ್ಕಂದಿರನ್ನು ಗೊತ್ತುಮಾಡಿ, ಇನ್ನೊಂದು ಪಾಲನ್ನು ಕಾಯುವ ಪಟ್ಟಿಯಲ್ಲಿಟ್ಟು, 18 ತಿಂಗಳ ಬಳಿಕ ಹೋಲಿಸಿದರು. ಮೊದಲನೆಯ ಪಾಲಿನವರು ಹೊಸದಾಗಿ ಮಾದಕ ಪದಾರ್ಥ ಮುಟ್ಟುವ ಸಂಭವ ಶೇಕಡ 46ರಷ್ಟು ಕಡಿಮೆ. ಶಾಲೆ ತಪ್ಪಿಸಿದ ದಿನಗಳು ಅರ್ಧದಷ್ಟು ಕಡಿಮೆ.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ತಿರುವಬೇಕು. ಅದೇ ಮಕ್ಕಳ ವಿಷಯವನ್ನು ಮತ್ತೆ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಬರಹವು ಹೀಗೆನ್ನುತ್ತದೆ: ವರ್ಷ ಅಥವಾ ಅದಕ್ಕೂ ಮೇಲ್ಪಟ್ಟು ಉಳಿದ ಸ್ನೇಹದಿಂದ ಅತ್ಯಂತ ಹೆಚ್ಚು ಲಾಭ, ಮೂರು ತಿಂಗಳೊಳಗೆ ಮುರಿದ ಸ್ನೇಹದಿಂದ ಮಕ್ಕಳಿಗೆ ತಮ್ಮ ಮೇಲೆ ತಮಗಿದ್ದ ವಿಶ್ವಾಸವೂ ಕುಗ್ಗಿತು! ಅಂದರೆ ಅಣ್ಣನಾಗಿ ಬಂದು ಮಾಯವಾಗುವವನು ಬಾರದಿದ್ದವನಿಗಿಂತ ಹೆಚ್ಚು ಕೇಡು ಮಾಡಬಲ್ಲನು. ಮಗು ತಪ್ಪನ್ನು ಬಾರದವರ ಮೇಲೆ ಹೊರಿಸುವುದಿಲ್ಲ. ತನ್ನಲ್ಲೇ ಏನೋ ಕೊರತೆಯೆಂದು ತಿಳಿಯುತ್ತದೆ.

ಈ ಮಾತು ತೆಗೆದಾಗ ನಮ್ಮ ಸಹೋದ್ಯೋಗಿಯೊಬ್ಬರು, “ರಾಯರೇ, ನನಗೆ ಬೀಜಗಣಿತ ಮರೆತು ಇಪ್ಪತ್ತು ವರ್ಷ. ಹುಡುಗನಿಗೆ ಏನು ಹೇಳಿಕೊಡಲಿ?” ಎಂದರು. “ಅರ್ಜಿ ತುಂಬುವುದು ಮರೆತಿದೆಯೇ?” ಎಂದೆವು. ನಕ್ಕರು. ನಮ್ಮಂಥವರ ವಿದ್ಯೆ ಅದೇ ತಾನೆ! 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯಂತೆ, 6ರಿಂದ 14ರ ವಯಸ್ಸಿನ ಮಗುವಿಗೆ ವಯಸ್ಸಿನ ದಾಖಲೆಯಿಲ್ಲವೆಂದು ಶಾಲೆಯ ಪ್ರವೇಶ ನಿರಾಕರಿಸಕೂಡದು. ಊರಿನ ಶಾಲೆಯ ವರ್ಗಾವಣೆ ಪತ್ರ ತಡವಾಯಿತೆಂದು ಸರಕಾರಿ ಶಾಲೆಯಲ್ಲಿ ಬಾಗಿಲು ಮುಚ್ಚಕೂಡದು. ಬಿಡಾರದ ತಾಯಿಗೆ ಇದು ಯಾರಿಂದ ತಿಳಿಯಬೇಕು? ಮಗುವಿನ ಜೊತೆಗೆ ಹೋಗಿ ಮುಖ್ಯೋಪಾಧ್ಯಾಯರ ಮುಂದೆ ವಿನಯದಿಂದ ನಾಲ್ಕು ಮಾತಾಡಿದರೆ ಒಂದು ವರ್ಷ ಉಳಿಯುತ್ತದೆ. ಉಳಿದ ದಿನಗಳಲ್ಲಿ ಕೇರಂ ಆಡಿರಿ, ಗ್ರಂಥಾಲಯ ತೋರಿಸಿರಿ, ಸುಮ್ಮನೆ ಮಾತು ಕೇಳಿರಿ. ಮಾತು ಕನ್ನಡದಲ್ಲಿ ಸಾಗಿದರೆ ಮಗುವಿನ ನಾಲಗೆಯ ಗಂಟು ತಾನೇ ಬಿಚ್ಚುತ್ತದೆ.

ಕೆಲವು ಕಟ್ಟಳೆಗಳು ಅವಶ್ಯ. ತಾಯಿತಂದೆಗಳ ಒಪ್ಪಿಗೆಯಿಲ್ಲದೆ ತೊಡಗಬಾರದು. ಒಬ್ಬರೇ ಹೋಗುವುದಕ್ಕಿಂತ ಶಾಲೆ ಅಥವಾ ಸಂಸ್ಥೆಯ ಮೂಲಕ ಹೋಗಬೇಕು. ಅವರು ನಮ್ಮ ಪೂರ್ವಾಪರ ವಿಚಾರಿಸಿದರೆ ಸಿಟ್ಟಾಗದೆ ಸಂತೋಷಪಡಬೇಕು. ಭೇಟಿ ನಾಲ್ಕು ಜನ ಕಾಣುವ ಜಾಗದಲ್ಲಾಗಲಿ. ಹಣ ಕೊಡುವ ಅಭ್ಯಾಸ ಬೇಡ. ಮಗುವಿಗೆ ಯಾರಿಂದಲಾದರೂ ಹಿಂಸೆಯೆಂದು ತಿಳಿದರೆ ಮುಚ್ಚಿಡದೆ 1098ಕ್ಕೆ ಕರೆಮಾಡಬೇಕು. 1996ರಲ್ಲಿ ಮಕ್ಕಳ ಆ ಸಹಾಯವಾಣಿ ಆರಂಭವಾದದ್ದೂ ಇದೇ ಮುಂಬಯಿಯಲ್ಲಿ.

ಇನ್ನು ಒಪ್ಪುವ ಮುನ್ನ ಕ್ಯಾಲೆಂಡರು ತೆಗೆದು ಎಣಿಸಿ ನೋಡಿರಿ. ವರ್ಷಕ್ಕೆ 52 ಭಾನುವಾರ. ಬೇಸಗೆಯಲ್ಲಿ ಊರಿಗೆ ಹೋಗುವುದು, ಗಣೇಶನ ಹಬ್ಬ, ನೆಂಟರ ಮದುವೆ, ನೆಗಡಿ ಜ್ವರ, ಎಲ್ಲಕ್ಕೂ ಸೇರಿಸಿ 12 ಕಳೆಯಿರಿ. 40 ಉಳಿಯಿತು. ತಪ್ಪುವ ವಾರವನ್ನು ಮಗುವಿಗೆ ಮೊದಲೇ ತಿಳಿಸಿರಿ. ಆ 40 ಕೊಡಬಲ್ಲವರು ಹತ್ತಿರದ ಶಾಲೆಯಲ್ಲಿ ಇಂದೇ ವಿಚಾರಿಸಿರಿ. ಆಗದವರು ಪುಸ್ತಕ, ಚೀಲ, ಶಾಲೆಯ ಸಮವಸ್ತ್ರ ಕೊಡಿಸಿರಿ, ಅದೂ ಸತ್ಕಾರ್ಯವೇ. ‘ಮುಂದಿನ ವಾರ ಬರುತ್ತೇನೆ’ ಎಂಬ ಮಾತನ್ನು ಮಾತ್ರ, ಬರುವವರೇ ಆಡಲಿ.